ಬರೆಯುವುದು ಝಡ್, ನುಡಿಯುವುದು ಯಕಾರ: ಡಿಯೆಲ್ ಎಂಬ ಸ್ಕಾಟಿಷ್ ಮನೆತನದ ಹೆಸರು

ಪ್ರಶ್ನೆ: ನಾವು ಕೆಲವು ವರ್ಷಗಳಿಂದ ಸ್ಕಾಟ್ಲೆಂಡಿನ ಮದರ್‌ವೆಲ್ ಪಟ್ಟಣದಲ್ಲಿ ವಾಸವಾಗಿದ್ದೇವೆ. ಇಲ್ಲಿನ ಪ್ರೌಢಶಾಲೆಯ ಫಲಕದಲ್ಲಿ ಅಕ್ಷರಶಃ ಓದಿದರೆ ‘ಡಾಲ್ಝೀಲ್’ ಎಂದಿದೆ. ಊರಂಚಿನ ಹಳೆಯ ಕೋಟೆಮನೆಗೂ ಉಕ್ಕಿನ ಕಾರ್ಖಾನೆಗೂ ‘ಡಾಲ್ಝೆಲ್’ ಎಂದು ಬರೆಯುತ್ತಾರೆ. ಒಬ್ಬ ಪ್ರಸಿದ್ಧ ರಾಜಕಾರಣಿಯ ಹೆಸರನ್ನು ‘ಡಾಲ್ಯೆಲ್’ ಎಂದು ಬರೆದದ್ದನ್ನು ಕಂಡಿದ್ದೇನೆ. ಆದರೆ ಊರಿನವರೆಲ್ಲ ಇವನ್ನು ‘ಡಿಯೆಲ್’ ಎಂದೇ ಹೇಳುತ್ತಾರೆ. ನನ್ನ ಮಗಳ ಸಹಪಾಠಿಯೊಬ್ಬಳ ಮನೆತನದ ಹೆಸರೂ ಇದೇ. ಇವೆಲ್ಲ ಒಂದೇ ಹೆಸರೇ? ಈ ಹೆಸರಿನವರೆಲ್ಲ ಒಂದೇ ವಂಶದವರೇ? ‘ನಾನು ಎದುರಿಸಬಲ್ಲೆ’ ಎಂದು ರಾಜನ ಮುಂದೆ ನುಡಿದ ವೀರನಿಂದ ಈ ಹೆಸರು ಬಂದಿತೆಂಬ ಕಥೆ ನಿಜವೇ? ಕನ್ನಡದಲ್ಲಿ ಇದನ್ನು ಹೇಗೆ ಬರೆಯಬೇಕು?

ಉತ್ತರ: ನೀವು ಕಂಡ ಮೂರೂ ಬರವಣಿಗೆಗಳು ಒಂದೇ ಹೆಸರಿನವು. ನಿಮ್ಮ ಕಣ್ಣಿಗೆ ಇನ್ನೂ ಬೀಳದ ನಾಲ್ಕನೆಯ ರೂಪವೊಂದಿದೆ: ಶೆಟ್‌ಲೆಂಡ್ ದ್ವೀಪಗಳಲ್ಲಿ ಕಾಣುವ ‘ಡೆಯೆಲ್’. ಸ್ಕಾಟ್ಲೆಂಡಿನಲ್ಲಿ ಇವನ್ನೆಲ್ಲ ಸಾಮಾನ್ಯವಾಗಿ ‘ಡಿಯೆಲ್’ ಎಂದು, ಎರಡನೆಯ ಭಾಗಕ್ಕೆ ಒತ್ತು ಕೊಟ್ಟು ಉಚ್ಚರಿಸುತ್ತಾರೆ. ಹೆಸರಿನ ಮೂಲ ಒಬ್ಬ ವ್ಯಕ್ತಿಯೂ ಅಲ್ಲ, ಒಂದು ಪರಾಕ್ರಮವೂ ಅಲ್ಲ. ಅದು ನೀವು ಈಗ ವಾಸಿಸುತ್ತಿರುವ ನೆಲವೇ. ಮೊದಲು ನೆಲಕ್ಕೆ ಆ ಹೆಸರಿತ್ತು, ಅನಂತರ ಅದು ನೆಲದ ಒಡೆಯರಿಗೆ ಬಂತು. ಒಡೆಯರು ಊರು ಬಿಟ್ಟು ಹೋದ ಮೇಲೆಯೂ ನೆಲದ ಮೇಲೆ ಹೆಸರು ಉಳಿದುಕೊಂಡು, ಶಾಲೆಗೂ ಕಾರ್ಖಾನೆಗೂ ಅಲ್ಲಿಂದಲೇ ಅಂಟಿಕೊಂಡಿತು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.

ಗ್ಲಾಸ್ಗೋ ನಗರಕ್ಕೆ ಆಗ್ನೇಯದಲ್ಲಿ, ಲ್ಯಾನಾರ್ಕ್‌ಶೈರ್‌ನಲ್ಲಿ, ಕ್ಲೈಡ್ ನದಿಗೂ ಅದನ್ನು ಸೇರುವ ಸೌತ್ ಕಾಲ್ಡರ್ ಹೊಳೆಗೂ ನಡುವಿನ ಭೂಭಾಗ ಮಧ್ಯಯುಗದಲ್ಲಿ ಈ ಹೆಸರಿನ ಜಹಗೀರಾಗಿತ್ತು. ಅದೇ ಹೆಸರಿನ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ, ಕೂಡ ಇತ್ತು. ಮದರ್‌ವೆಲ್ ಪಟ್ಟಣ ಬೆಳೆದದ್ದು ಈ ಪ್ಯಾರಿಷ್‌ನೊಳಗೆ. ಇಂದು ಇಂಗ್ಲಿಷ್ ಮತ್ತು ಅದಕ್ಕೆ ಹತ್ತಿರದ ಸ್ಕಾಟ್ಸ್ ಭಾಷೆ ಮಾತ್ರ ಕೇಳಿಸುವ ಆ ಕಣಿವೆಯಲ್ಲಿ ಮೊದಲು ವೆಲ್ಷ್ ಭಾಷೆಗೆ ಹತ್ತಿರವಾದ ಬ್ರಿಟಾನಿಕ್ ನುಡಿಯೂ, ಆಮೇಲೆ ಗೇಲಿಕ್ ನುಡಿಯೂ ಬಳಕೆಯಲ್ಲಿದ್ದವು. ಸ್ಥಳನಾಮದ ಮೊದಲ ಭಾಗ ಗೇಲಿಕ್‌ನ ‘ದಾಲ್’ ಎಂಬ ಪದ. ಹೊಳೆದಂಡೆಯ ಸಮತಟ್ಟಾದ ಹೊಲ ಅಥವಾ ಹುಲ್ಲುಗಾವಲು ಎಂದು ಅದರ ಅರ್ಥ. ಎರಡನೆಯ ಭಾಗವನ್ನು ಹೆಚ್ಚಿನವರು ‘ಗ್ಯಾಲ್’, ಅಂದರೆ ಬಿಳಿಯ, ಹೊಳೆಯುವ ಎಂಬ ಗುಣವಾಚಕವೆಂದು ಬಿಡಿಸುತ್ತಾರೆ. ಈ ವಿವರಣೆ ನನಗೆ ಒಪ್ಪಿಗೆಯಾಗುವುದಕ್ಕೆ ಒಂದು ವ್ಯಾಕರಣದ ಕಾರಣವಿದೆ. ಗೇಲಿಕ್‌ನಲ್ಲಿ ‘ದಾಲ್’ ಸ್ತ್ರೀಲಿಂಗ ಪದ. ಸ್ತ್ರೀಲಿಂಗ ನಾಮಪದದ ನಂತರ ಬರುವ ಗುಣವಾಚಕದ ಮೊದಲ ವ್ಯಂಜನ ಸಡಿಲಗೊಳ್ಳುತ್ತದೆ. ಹಾಗೆ ಸಡಿಲಗೊಂಡ ‘ಗ್ಯಾಲ್’ ಕಿವಿಗೆ ‘ಯಾಲ್’ ಎಂದೇ ಕೇಳಿಸುತ್ತದೆ. ‘ದಾಲ್‌ಯಾಲ್’ ಎಂಬ ಈ ಉಚ್ಚಾರಣೆಯಲ್ಲಿ ಯಕಾರ ಇದ್ದೇ ಇದೆ, ಝಕಾರದ ಸುಳಿವೇ ಇಲ್ಲ. ಹೆಸರಿನಲ್ಲಿ ಈಗ ಕಾಣುವ ಝಡ್ ಎಂದೂ ಧ್ವನಿಯಾಗಿ ಇದ್ದದ್ದಲ್ಲ ಎಂಬುದಕ್ಕೆ ಇದು ಮೊದಲ ಆಧಾರ.

ಸ್ಕಾಟ್ಲೆಂಡಿನ ತಗ್ಗುನಾಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುವ ಮನೆತನದ ಹೆಸರುಗಳು ಕಾಣಿಸಿಕೊಂಡದ್ದು ಹನ್ನೆರಡನೆಯ ಶತಮಾನದ ಈಚೆಗೆ. ಒಂದನೆಯ ಡೇವಿಡ್ (ಆಳ್ವಿಕೆ 1124ರಿಂದ 1153) ದಕ್ಷಿಣದಿಂದ ಕರೆತಂದು ಭೂಮಿ ಕೊಟ್ಟ ನಾರ್ಮನ್ ಸರದಾರರ ಬಳಕೆಯನ್ನು ಅನುಸರಿಸಿ, ಭೂಮಿಯ ಒಡೆಯರು ತಮ್ಮ ಜಹಗೀರಿನ ಹೆಸರಿನ ಮುಂದೆ ‘ಆ ಊರಿನ’ ಎಂಬ ಅರ್ಥದ ‘ಡಿ’ ಸೇರಿಸಿಕೊಂಡು ತಮ್ಮನ್ನು ಗುರುತಿಸಿಕೊಳ್ಳತೊಡಗಿದರು. ನಮ್ಮ ಮನೆತನದ ವಿಷಯದಲ್ಲಿ 1288ರಲ್ಲಿ ಲ್ಯಾನಾರ್ಕ್‌ನ ಶೆರಿಫ್ ಆಗಿದ್ದ ಹ್ಯೂ ಎಂಬಾತ ಈ ಹೆಸರಿನೊಡನೆ ಕಾಣಿಸುತ್ತಾನೆ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಭೂಮಾಲೀಕರಿಂದೆಲ್ಲ ನಿಷ್ಠೆಯ ಪ್ರಮಾಣ ಬರೆಸಿಕೊಂಡಾಗ ತಯಾರಾದ, ‘ರಾಗ್‌ಮನ್ ರೋಲ್’ ಎಂದು ಹೆಸರಾದ ದಾಖಲೆಯಲ್ಲಿ ಲ್ಯಾನಾರ್ಕ್‌ಶೈರ್‌ನ ಥಾಮಸ್ ಇದ್ದಾನೆ. ಅಲ್ಲಿಂದ ಮುಂದೆ ಹೆಸರಿನ ಎಳೆ ಕಡಿಯದೆ ಸಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಊರಿನ ಹೆಸರು ಒಡೆಯನಿಗೆ ಮಾತ್ರ ಸಲ್ಲುತ್ತಿರಲಿಲ್ಲ. ಅದೇ ಊರಿನಿಂದ ಹೊರಟು ಬೇರೆಡೆ ನೆಲೆಸಿದ ಒಕ್ಕಲಿಗನನ್ನೋ ಕುಶಲಕರ್ಮಿಯನ್ನೋ ಹೊಸ ಊರಿನವರು ಅವನ ಹಳೆಯ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಬಾದಾಮಿ, ನರಗುಂದ, ಹಾನಗಲ್ ಎಂಬ ಅಡ್ಡಹೆಸರುಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಬೇರೆಬೇರೆ ಜಾತಿ, ಬೇರೆಬೇರೆ ಮನೆತನಗಳಿಗೆ ಇರುವಂತೆಯೇ ಇದು ಎಂದು ತಿಳಿಯಬಹುದು. ಆದ್ದರಿಂದ ಇಂದು ಈ ಹೆಸರಿರುವವರಲ್ಲಿ ಜಹಗೀರುದಾರರ ವಂಶಜರೂ ಇದ್ದಾರೆ, ಆ ನೆಲವನ್ನು ಉತ್ತವರ ವಂಶಜರೂ ಇದ್ದಾರೆ. ಹೆಸರನ್ನು ನೋಡಿ ಯಾರು ಯಾವ ಕಡೆಯವರೆಂದು ಹೇಳಲು ಬರುವುದಿಲ್ಲ. ಹೇಳುವವರು ಸಾಮಾನ್ಯವಾಗಿ ಲಾಂಛನದ ಫಲಕಗಳನ್ನು ಮಾರುವವರಾಗಿರುತ್ತಾರೆ.

ಈಗ ಝಡ್ ಅಕ್ಷರದ ವಿಷಯಕ್ಕೆ ಬರೋಣ. ಮಧ್ಯಯುಗದ ಸ್ಕಾಟ್ಸ್ ಬರವಣಿಗೆಯಲ್ಲಿ ‘ಯೋಖ್’ ಎಂಬ ಅಕ್ಷರವೊಂದಿತ್ತು. ಅದರ ಆಕಾರ ಇಂಗ್ಲಿಷ್ ಅಂಕಿ ಮೂರನ್ನು ಸ್ವಲ್ಪ ಕೆಳಗಿಳಿಸಿ ಬರೆದಂತೆ ಇರುತ್ತಿತ್ತು. ಪದದ ಮೊದಲಲ್ಲಿ ಅದು ಯಕಾರವನ್ನು ಸೂಚಿಸುತ್ತಿತ್ತು. ಎಲ್ ಅಥವಾ ಎನ್ ಅಕ್ಷರದ ಪಕ್ಕದಲ್ಲಿ ಬಂದಾಗ, ನಾಲಗೆಯ ನಡುಭಾಗ ಅಂಗುಳಿಗೆ ತಾಗಿ ಹುಟ್ಟುವ ‘ಲ್ಯ’ ಮತ್ತು ‘ನ್ಯ’ ಧ್ವನಿಗಳನ್ನು ತೋರಿಸುತ್ತಿತ್ತು. ನಮ್ಮ ಹೆಸರನ್ನು ಹಳೆಯ ಲಿಪಿಕಾರರು ಬರೆದದ್ದು ಹೀಗೆಯೇ, ಎಲ್ ಪಕ್ಕದಲ್ಲಿ ಯೋಖ್ ಇಟ್ಟು. ಕಾಲಕ್ರಮದಲ್ಲಿ ಸ್ಕಾಟಿಷ್ ಕೈಬರಹದಲ್ಲಿ ಯೋಖ್ ಅಕ್ಷರವೂ ಬಾಲವಿರುವ ಝಡ್ ಅಕ್ಷರವೂ ಒಂದೇ ಆಕಾರಕ್ಕೆ ಬಂದವು. ಎಡಿನ್‌ಬರ್ಗ್‌ನಲ್ಲಿ ಚೆಪ್‌ಮನ್ ಮತ್ತು ಮಿಲ್ಲರ್ 1508ರಲ್ಲಿ ಸ್ಕಾಟ್ಲೆಂಡಿನ ಮೊದಲ ಮುದ್ರಣವನ್ನು ಹೊರತಂದ ಮೇಲೆ ಈ ಗೊಂದಲ ಶಾಶ್ವತವಾಯಿತು. ಮುದ್ರಣದ ಅಚ್ಚಿನ ಮೊಳೆಗಳು ಯೂರೋಪಿನ ಮುಖ್ಯ ಭೂಭಾಗದಲ್ಲಿ ಎರಕವಾಗಿ ಬರುತ್ತಿದ್ದವು. ಅವುಗಳಲ್ಲಿ ಯೋಖ್ ಇರಲಿಲ್ಲ. ಮುದ್ರಕರು ನೋಡಲು ಹತ್ತಿರವಾಗಿದ್ದ ಝಡ್ ಮೊಳೆಯನ್ನೇ ಜೋಡಿಸಿದರು. ಓದುವವರಿಗೆ ಅದು ಯಕಾರವೆಂದು ತಿಳಿದಿದ್ದರಿಂದ ಆಗ ಯಾರಿಗೂ ತೊಂದರೆಯಾಗಲಿಲ್ಲ. ಯೋಖ್ ಎಂಬ ಅಕ್ಷರವೊಂದಿತ್ತು ಎಂಬುದೇ ಮರೆತುಹೋದ ತಲೆಮಾರುಗಳಿಗೆ ಮಾತ್ರ ಬರವಣಿಗೆಯೂ ಉಚ್ಚಾರಣೆಯೂ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿತು.

ನಮ್ಮ ಹೆಸರೊಂದೇ ಹೀಗಾದದ್ದಲ್ಲ. ಸ್ಕಾಟ್ಲೆಂಡಿನಲ್ಲಿ ‘ಮೆನ್ಝೀಸ್’ ಎಂದು ಬರೆಯುವ ಹೆಸರನ್ನು ಹಳಬರು ‘ಮಿಂಗಿಸ್’ ಎನ್ನುತ್ತಾರೆ. ಬ್ರಿಟನ್ನಿನ ಲಿಬರಲ್ ಡೆಮೊಕ್ರಾಟ್ ನಾಯಕರಾಗಿದ್ದ ಮೆನ್ಝೀಸ್ ಕ್ಯಾಂಬೆಲ್ ಅವರನ್ನು ಎಲ್ಲರೂ ‘ಮಿಂಗ್’ ಎಂದು ಕರೆಯುತ್ತಿದ್ದುದು ಇದೇ ಕಾರಣಕ್ಕೆ. ಏರ್‌ಶೈರ್‌ನ ಸಮುದ್ರತೀರದ ಕೋಟೆಯ ಹೆಸರನ್ನು ‘ಕಲ್ಝೀನ್’ ಎಂದು ಬರೆದು ‘ಕಲೇನ್’ ಎಂದು ಓದುತ್ತಾರೆ.

ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದ ಹೆಸರೊಂದರಲ್ಲಿಯೂ ಇದೇ ಯೋಖ್ ಅಡಗಿದೆ. ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ ಹುಟ್ಟಿ, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗಾಗಿ ಭಾರತಕ್ಕೆ ಬಂದು, 1799ರ ಶ್ರೀರಂಗಪಟ್ಟಣದ ಯುದ್ಧದ ಬಳಿಕ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿ, ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಝಿಯ ಹೆಸರು ಅದು. ಗೇಲಿಕ್‌ನಲ್ಲಿ ಆ ಮನೆತನದ ಹೆಸರು ‘ಕೆನೆತ್‌ನ ಮಗ’ ಎಂಬ ಅರ್ಥದ್ದು, ಅದರಲ್ಲಿಯೂ ಝಕಾರವಿಲ್ಲ. ಹಳೆಯ ಸ್ಕಾಟ್ಸ್ ಉಚ್ಚಾರಣೆಯಲ್ಲಿ ಅದು ‘ಮಕಿಂಗಿ’ ಎನ್ನುವುದಕ್ಕೆ ಹತ್ತಿರವಿತ್ತು. ಮೆಕೆಂಝಿಯ ವಿಷಯದಲ್ಲಿ ಅಕ್ಷರವು ನಾಲಗೆಯನ್ನು ಗೆದ್ದಿತು: ಬರೆದ ಹಾಗೆಯೇ ಓದುವುದು ರೂಢಿಯಾಗಿ, ಹಳೆಯ ಉಚ್ಚಾರಣೆ ಅಳಿಯಿತು. ನಿಮ್ಮ ಊರಿನ ಹೆಸರಿನ ವಿಷಯದಲ್ಲಿ ನಾಲಗೆ ಅಕ್ಷರವನ್ನು ಗೆದ್ದಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ ಎಂದು ನನ್ನ ಅಭಿಪ್ರಾಯ. ಮೆಕೆಂಝಿ ಎಂಬುದು ಜಗತ್ತಿನಾದ್ಯಂತ ಹರಡಿದ, ಕಾಗದದ ಮೇಲೆ ಅಪರಿಚಿತರು ಓದುವ ಹೆಸರಾಯಿತು. ಡಿಯೆಲ್ ಎಂಬುದು ಒಂದು ಕಣಿವೆಯ ಜನ ದಿನವೂ ಬಾಯಲ್ಲಿ ಆಡುವ ಊರಿನ ಹೆಸರಾಗಿ ಉಳಿಯಿತು. ದಿನನಿತ್ಯ ಆಡುವ ಊರಿನ ಹೆಸರನ್ನು ಯಾರೂ ಫಲಕ ನೋಡಿ ಕಲಿಯುವುದಿಲ್ಲ.

‘ದಾಲ್‌ಯೆಲ್’ ಎಂಬುದು ‘ಡಿಯೆಲ್’ ಆದ ಬಗೆಯನ್ನೂ ಹೇಳಬೇಕು. ಸ್ಕಾಟ್ಸ್ ಭಾಷೆಯಲ್ಲಿ ಸ್ವರದ ನಂತರದ ಲಕಾರ ಕರಗಿಹೋಗುವುದು ತೀರ ಸಾಮಾನ್ಯ. ಹಾಗೆ ಲಕಾರ ಕರಗಿ ‘ಡಾಯೆಲ್’ ಆಯಿತು. ಒತ್ತು ಎರಡನೆಯ ಭಾಗದ ಮೇಲಿದ್ದುದರಿಂದ ಮೊದಲ ಸ್ವರವೂ ಕುಗ್ಗಿ ‘ಡ್ಯೆಲ್’, ‘ಡಿಯೆಲ್’ ಆಯಿತು. ನಡುವಿನ ಹಂತಕ್ಕೆ ಸಾಕ್ಷಿಯಾಗಿ ಒಂದು ಹಳೆಯ ಸ್ಕಾಟ್ಸ್ ಪದ್ಯದ ಸಾಲಿದೆ. ಸೈತಾನನನ್ನು ಅವರು ‘ಡೀಲ್’ ಎನ್ನುತ್ತಾರೆ. ‘ಡೀಲ್ ಮತ್ತು ಡಾಯೆಲ್ ಒಂದೇ ಅಕ್ಷರದಿಂದ ಶುರು, ಡೀಲ್ ಒಳ್ಳೆಯವನಲ್ಲ, ಡಾಯೆಲ್ ಅವನಿಗಿಂತ ಮೇಲೇನಲ್ಲ’ ಎಂಬುದು ಅದರ ತಾತ್ಪರ್ಯ. ಈ ಸಾಲು ಯಾರಿಗೆ ಹೊಂದುತ್ತದೆ ಎಂಬುದು ಮುಂದೆ ತಿಳಿಯುತ್ತದೆ. ಸದ್ಯಕ್ಕೆ ಲಕಾರವಿಲ್ಲದ, ಝಕಾರವೂ ಇಲ್ಲದ ಉಚ್ಚಾರಣೆ ಅದರಲ್ಲಿ ದಾಖಲಾಗಿದೆ ಎಂಬುದನ್ನು ಗಮನಿಸಿದರೆ ಸಾಕು.

ನೀವು ಕೇಳಿದ ವೀರನ ಕಥೆ ಹೀಗಿದೆ. ಹತ್ತನೆಯ ಶತಮಾನದ ರಾಜ ಎರಡನೆಯ ಕೆನೆತ್‌ಗೆ ಪ್ರಿಯನಾದ ಬಂಧುವೊಬ್ಬನನ್ನು ಶತ್ರುಗಳು ಹಿಡಿದು ಗಲ್ಲಿಗೇರಿಸಿದರು. ಶವವನ್ನು ತಂದುಕೊಡುವವರಿಗೆ ದೊಡ್ಡ ಬಹುಮಾನವೆಂದು ರಾಜ ಸಾರಿದಾಗ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಎದ್ದು ನಿಂತು ‘ದಾಲ್ ಯೆಲ್’ ಎಂದನಂತೆ. ಹಳೆಯ ನುಡಿಯಲ್ಲಿ ಅದಕ್ಕೆ ‘ನಾನು ಎದುರಿಸಬಲ್ಲೆ’ ಎಂದು ಅರ್ಥವಂತೆ. ಶವವನ್ನು ತಂದ ಅವನಿಗೆ ಆ ಮಾತೇ ಹೆಸರಾಯಿತು. ಮನೆತನದ ಲಾಂಛನದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕೈ ಚಾಚಿದ ಬೆತ್ತಲೆ ಮನುಷ್ಯನಿದ್ದಾನೆ. ಹಳೆಯ ರೂಪಗಳಲ್ಲಿ ಅವನು ಗಲ್ಲುಗಂಬದಿಂದ ತೂಗುತ್ತಿದ್ದ. ಲಾಂಛನದ ಧ್ಯೇಯವಾಕ್ಯವೂ ‘ನಾನು ಎದುರಿಸಬಲ್ಲೆ’ ಎಂಬುದೇ.

ಕಥೆ ಸೊಗಸಾಗಿದೆ, ಆದರೆ ಇತಿಹಾಸವಲ್ಲ. ಎರಡನೆಯ ಕೆನೆತ್ ಆಳಿದ್ದು 971ರಿಂದ 995ರವರೆಗೆ. ಆಗ ಸ್ಕಾಟ್ಲೆಂಡಿನಲ್ಲಿ ವಂಶಪಾರಂಪರ್ಯದ ಮನೆತನದ ಹೆಸರುಗಳೂ ಇರಲಿಲ್ಲ, ಯೂರೋಪಿನಲ್ಲಿ ಕುಲಲಾಂಛನಗಳೂ ಇರಲಿಲ್ಲ. ‘ದಾಲ್ ಯೆಲ್’ ಎಂಬ ಪದಗಳಿಗೆ ಗೇಲಿಕ್‌ನಲ್ಲಾಗಲಿ ಸ್ಕಾಟ್ಸ್‌ನಲ್ಲಾಗಲಿ ಅಂಥ ಅರ್ಥವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ದಾಖಲೆಗಳಲ್ಲಿ ಹೆಸರಿನ ಮುಂದೆ ‘ಆ ಊರಿನ’ ಎಂಬ ‘ಡಿ’ ಇದೆ; ಬಾಯಿಂದ ಬಂದ ಮಾತೊಂದು ಹೆಸರಾಗಿದ್ದರೆ ಅದಕ್ಕೆ ಆ ‘ಡಿ’ ಹತ್ತುವುದು ಸಾಧ್ಯವಿರಲಿಲ್ಲ. ಲಾಂಛನದ ವಿಚಿತ್ರ ಚಿತ್ರವನ್ನೂ ಹೆಸರನ್ನೂ ಒಟ್ಟಿಗೆ ವಿವರಿಸಲು ನಂತರದವರು ಕಟ್ಟಿದ ಕಥೆ ಇದು ಎಂಬುದು ನನ್ನ ತೀರ್ಮಾನ. ಹಾಗೆಂದು ಅದನ್ನು ಬಿಸುಡಬೇಕಿಲ್ಲ. ಶತಮಾನಗಳ ಕಾಲ ಈ ಮನೆತನದವರು ತಮ್ಮನ್ನು ಹೀಗೆ ಕಂಡುಕೊಂಡರು ಎಂಬುದೂ ತಿಳಿಯಬೇಕಾದ ಸಂಗತಿಯೇ.

ಅವರ ಎದೆಗಾರಿಕೆಗೆ ಕಥೆಯ ಹಂಗೂ ಬೇಕಿರಲಿಲ್ಲ. ಹದಿನೈದನೆಯ ಶತಮಾನದ ಚರಿತ್ರೆಕಾರ ವಾಲ್ಟರ್ ಬೋವರ್ ಹೇಳುವ ಪ್ರಸಂಗವೊಂದಿದೆ. 1388ರ ಆಟರ್‌ಬರ್ನ್ ಕದನದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಸರ್ ವಿಲಿಯಂ, 1390ರಲ್ಲಿ ಲಂಡನ್ನಿನ ಅರಮನೆಯ ಸರದಾರನೊಬ್ಬನೊಡನೆ ದ್ವಂದ್ವಕ್ಕೆ ಇಳಿದಾಗ, ಇಬ್ಬರೂ ಸಮಾನರಾಗಿ ಹೋರಾಡಬೇಕೆಂಬ ನಿಯಮವನ್ನು ಎತ್ತಿ ಹಿಡಿದು, ಎದುರಾಳಿಯೂ ಒಂದು ಕಣ್ಣನ್ನು ಕೀಳಿಸಿಕೊಂಡು ಬರಲಿ ಎಂದು ಕೇಳಿದನಂತೆ.

ಜಹಗೀರಿನ ಹಿರಿಯ ಶಾಖೆ ಹದಿನೇಳನೆಯ ಶತಮಾನದಲ್ಲಿ ಉಚ್ಛ್ರಾಯಕ್ಕೆ ಬಂತು. 1628ರಲ್ಲಿ ಲಾರ್ಡ್ ಪದವಿ, 1639ರಲ್ಲಿ ಕಾರ್ನ್‌ವಾತ್‌ನ ಅರ್ಲ್ ಪದವಿ ದೊರೆತವು. ಕಾರ್ನ್‌ವಾತ್ ಅದೇ ಜಿಲ್ಲೆಯ ಪೂರ್ವಭಾಗದ ಊರು. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ, 1645ರ ನೇಸ್‌ಬಿ ಕದನದಲ್ಲಿ ಒಂದನೆಯ ಚಾರ್ಲ್ಸ್ ಸ್ವತಃ ಮುನ್ನುಗ್ಗಲು ಹೊರಟಾಗ ಕುದುರೆಯ ಕಡಿವಾಣ ಹಿಡಿದು ತಿರುಗಿಸಿದವನು ಎರಡನೆಯ ಅರ್ಲ್. ಅದರಿಂದ ಸೈನ್ಯವೇ ಹಿಮ್ಮೆಟ್ಟಿತೆಂದು ಆ ಯುದ್ಧದ ಇತಿಹಾಸ ಬರೆದ ಕ್ಲಾರೆಂಡನ್ ದೂರುತ್ತಾನೆ. ಇದಾಗಿ ಎರಡು ವರ್ಷಕ್ಕೆ, 1647ರಲ್ಲಿ, ಕ್ಲೈಡ್ ದಂಡೆಯ ಮೂಲ ಜಹಗೀರು ಮಾರಾಟವಾಗಿ ಬಾಗ್ಸ್‌ನ ಜೇಮ್ಸ್ ಹ್ಯಾಮಿಲ್ಟನ್ ಕೈಗೆ ಹೋಯಿತು. ಮುಂದೆ ಪದಚ್ಯುತ ಸ್ಟುವರ್ಟ್ ವಂಶವನ್ನು ಮತ್ತೆ ಸಿಂಹಾಸನಕ್ಕೆ ತರಲು ನಡೆದ 1715ರ ಜಾಕೊಬೈಟ್ ಬಂಡಾಯದಲ್ಲಿ ಭಾಗವಹಿಸಿದ್ದಕ್ಕಾಗಿ 1716ರಲ್ಲಿ ಅರ್ಲ್ ಪದವಿಯನ್ನೂ ಕಸಿದುಕೊಂಡರು. 1826ರಲ್ಲಿ ಅದು ಮರಳಿ ಬಂತು, 1941ರಲ್ಲಿ ಹಕ್ಕುದಾರರಿಲ್ಲದೆ ನಿಂತುಹೋಯಿತು.

ಹೀಗೆ ನೀವು ಊರಂಚಿನಲ್ಲಿ ಕಾಣುವ ಕೋಟೆಮನೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹ್ಯಾಮಿಲ್ಟನ್ ಮನೆತನದ್ದಾಗಿತ್ತು. ಅವರು ಮನೆಯ ಹೆಸರನ್ನು ಬದಲಿಸಲಿಲ್ಲ. 1886ರಲ್ಲಿ ತಮಗೆ ಸಿಕ್ಕ ಲಾರ್ಡ್ ಪದವಿಗೂ ಆ ಊರಿನ ಹೆಸರನ್ನೇ ಜೋಡಿಸಿಕೊಂಡರು. 1967ರಲ್ಲಿ ಮನೆ ಸ್ಥಳೀಯ ಪುರಸಭೆಗೆ ಬಂತು. ಡೇವಿಡ್ ಕಾಲ್ವಿಲ್ 1870ರ ದಶಕದ ಆರಂಭದಲ್ಲಿ ಕಬ್ಬಿಣದ ಕಾರ್ಖಾನೆ ತೆರೆದಾಗ ಅದಕ್ಕೆ ಹೆಸರು ಕೊಟ್ಟದ್ದೂ ಜಾಗವೇ ಹೊರತು ಮನೆತನವಲ್ಲ. ಫೋರ್ತ್ ನದೀಮುಖದ ಮೇಲಿನ ಪ್ರಸಿದ್ಧ ರೈಲು ಸೇತುವೆಯ ಉಕ್ಕಿನಲ್ಲಿ ಒಂದು ಪಾಲು ಇಲ್ಲಿ ತಯಾರಾದದ್ದು. 2007ರಲ್ಲಿ ಟಾಟಾ ಸ್ಟೀಲ್ ಕಂಪನಿ ಕೋರಸ್ ಎಂಬ ಉಕ್ಕಿನ ಕಂಪನಿಯನ್ನು ಕೊಂಡಾಗ ಈ ಕಾರ್ಖಾನೆಯೂ ಅದರ ಜೊತೆಗೆ ಬಂತು. 2016ರಲ್ಲಿ ಟಾಟಾ ಅದನ್ನು ಲಿಬರ್ಟಿ ಸಂಸ್ಥೆಗೆ ಮಾರಿತು. ಕ್ಲೈಡ್ ದಂಡೆಯ ಒಂದು ಹುಲ್ಲುಗಾವಲಿನ ಗೇಲಿಕ್ ಹೆಸರು ಸುಮಾರು ಒಂಬತ್ತು ವರ್ಷ ಭಾರತದ ಕಂಪನಿಯೊಂದರ ಲೆಕ್ಕಪತ್ರಗಳಲ್ಲಿ ಇದ್ದದ್ದು ಹೀಗೆ.

‘ಡಾಲ್ಯೆಲ್’ ಎಂದು, ಝಡ್ ಬಿಟ್ಟು ವೈ ಅಕ್ಷರ ಹಾಕಿ ಬರೆಯುವ ರೂಪ ಬೇರೆ ಊರಿನದು. ಎಡಿನ್‌ಬರ್ಗ್‌ನ ವ್ಯಾಪಾರಿ ಥಾಮಸ್ ಎಂಬಾತ 1603ರಲ್ಲಿ ಆರನೆಯ ಜೇಮ್ಸ್ ರಾಜನ ಪರಿವಾರದೊಡನೆ ಲಂಡನ್ನಿಗೆ ಹೋಗಿ ಹಣ ಮಾಡಿ, 1612ರಲ್ಲಿ ಲಿನ್‌ಲಿತ್‌ಗೋ ಬಳಿಯ ಬಿನ್ಸ್ ಎಂಬ ಜಮೀನನ್ನು ಕೊಂಡ. ಅವನ ಮಗ ಟ್ಯಾಮ್ (ಸುಮಾರು 1615ರಿಂದ 1685) ಈ ಹೆಸರಿನವರಲ್ಲೆಲ್ಲ ಅತ್ಯಂತ ಖ್ಯಾತನೂ ಕುಖ್ಯಾತನೂ ಆದ. ಒಂದನೆಯ ಚಾರ್ಲ್ಸ್‌ನ ಶಿರಚ್ಛೇದದ ಶೋಕದಲ್ಲಿ ಮತ್ತೆಂದೂ ಗಡ್ಡ ತೆಗೆಯುವುದಿಲ್ಲವೆಂದು ಶಪಥ ಮಾಡಿದ. 1651ರಲ್ಲಿ ವೋರ್ಸ್ಟರ್ ಕದನದಲ್ಲಿ ಸೆರೆಯಾಗಿ, ಲಂಡನ್ ಗೋಪುರದಿಂದ ತಪ್ಪಿಸಿಕೊಂಡು, ರಷ್ಯಾದ ತ್ಸಾರ್ ಅಲೆಕ್ಸಿಯ ಸೈನ್ಯದಲ್ಲಿ ದುಡಿದ. ಮರಳಿ ಬಂದು 1666ರಲ್ಲಿ ರಲ್ಲಿಯನ್ ಗ್ರೀನ್‌ನಲ್ಲಿ ಚರ್ಚಿನ ಮೇಲೆ ರಾಜನ ಅಧಿಕಾರವನ್ನು ಒಪ್ಪದ ಕವೆನಂಟರ್ ಪಂಥದವರ ದಂಗೆಯನ್ನು ಅಡಗಿಸಿದ. 1681ರಲ್ಲಿ ಸ್ಕಾಟ್ಸ್ ಗ್ರೇಸ್ ಎಂಬ ಅಶ್ವದಳವನ್ನು ಕಟ್ಟಿದ. ಕವೆನಂಟರರ ಊರುಗಳಲ್ಲಿ ಅವನಿಗೆ ‘ರಕ್ತದ ಟ್ಯಾಮ್’ ಎಂದೇ ಹೆಸರು. ಅವನು ಸೈತಾನನೊಡನೆ ಇಸ್ಪೀಟು ಆಡುತ್ತಿದ್ದನೆಂದು ಜನ ನಂಬಿದ್ದರು. ಆ ಹಳೆಯ ಪದ್ಯದ ಸಾಲು ಸರಿಯಾಗಿ ಹೊಂದುವುದು ಇವನಿಗೇ.

ಬಿನ್ಸ್ ಶಾಖೆಯ ಮುಂದಿನ ಇತಿಹಾಸ ವಂಶವನ್ನು ಹುಡುಕುವವರೆಲ್ಲ ತಿಳಿಯಬೇಕಾದದ್ದು. ಟ್ಯಾಮ್‌ನ ಮಗನಿಗೆ 1685ರಲ್ಲಿ ದೊರೆತ ಬ್ಯಾರೊನೆಟ್ ಪದವಿ ಹೆಣ್ಣುಮಕ್ಕಳ ಮೂಲಕವೂ ಮುಂದುವರಿಯಬಹುದೆಂಬ ವಿಶೇಷ ಷರತ್ತು ಹೊಂದಿತ್ತು. ಆದ್ದರಿಂದ ಗಂಡುಸಂತಾನ ನಿಂತಾಗಲೆಲ್ಲ ಮಗಳ ಮಕ್ಕಳು ತಾಯಿಯ ಮನೆತನದ ಹೆಸರನ್ನು ತೆಗೆದುಕೊಂಡು ಮುಂದುವರಿದರು. ನೀವು ಕಂಡ ರಾಜಕಾರಣಿ, ಲೇಬರ್ ಪಕ್ಷದ ಟ್ಯಾಮ್ ಡಾಲ್ಯೆಲ್ (1932ರಿಂದ 2017), ಇದಕ್ಕೆ ಇತ್ತೀಚಿನ ಉದಾಹರಣೆ. ಅವರ ತಂದೆ ಗಾರ್ಡನ್ ಲಾಕ್ ಬ್ರಿಟಿಷ್ ಭಾರತ ಸರ್ಕಾರದ ಸೇವೆಯಲ್ಲಿದ್ದು ಬಹ್ರೇನ್‌ನಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದವರು; ಹೆಂಡತಿಯ ಮನೆತನದ ಹೆಸರನ್ನು ಅವರು ಸ್ವೀಕರಿಸಿದ್ದು 1938ರಲ್ಲಿ, ಅಂದರೆ ಮಗನಿಗೆ ಆರು ವರ್ಷವಾಗುವ ಹೊತ್ತಿಗೆ. ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬಂದರೆ ಸ್ಕಾಟಿಷ್ ಸಂಸದರು ಇಂಗ್ಲೆಂಡಿನ ವಿಷಯಗಳಿಗೆ ಮತ ಹಾಕುವುದು ನ್ಯಾಯವೇ ಎಂದು 1977ರಲ್ಲಿ ಮಗ ಎತ್ತಿದ ಪ್ರಶ್ನೆ ಅವರ ಕ್ಷೇತ್ರದ ಹೆಸರಿನಿಂದ ‘ವೆಸ್ಟ್ ಲೋಥಿಯನ್ ಪ್ರಶ್ನೆ’ ಎಂದು ಉಳಿದಿದೆ. ಈ ಹೆಸರಿನ ಅತ್ಯಂತ ಪ್ರಸಿದ್ಧ ಆಧುನಿಕ ಸಂಸದರಿಗೆ ಅದು ಬಂದದ್ದು ತಾಯಿಯ ಕಡೆಯಿಂದ ಎಂಬುದನ್ನು ನೆನಪಿಟ್ಟುಕೊಂಡರೆ, ಹೆಸರು ಮತ್ತು ತಂದೆಯ ರಕ್ತ ಒಂದೇ ದಾರಿಯಲ್ಲಿ ಸಾಗುತ್ತವೆ ಎಂಬ ಭ್ರಮೆ ಹೋಗುತ್ತದೆ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವಿನ ಪರೀಕ್ಷೆ ಇಂಥ ಕಡೆ ಲಾಕ್ ಮನೆತನವನ್ನು ತೋರಿಸುವುದೇ ಹೊರತು ಬಿನ್ಸ್ ಮನೆತನವನ್ನಲ್ಲ.

ಹಂಚಿಕೆಯ ವಿಷಯಕ್ಕೆ ಬಂದರೆ, ಸ್ಮಿತ್, ಬ್ರೌನ್, ವಿಲ್ಸನ್ ಹೆಸರುಗಳು ತುಂಬಿದ ಸ್ಕಾಟ್ಲೆಂಡಿನಲ್ಲಿ ಇದು ವಿರಳವಾದ ಹೆಸರು; ಆದರೆ ಇರುವಲ್ಲಿ ಗುಂಪಾಗಿ ಇದೆ. ದೊಡ್ಡ ಗುಂಪು ನಿರೀಕ್ಷೆಯಂತೆ ಲ್ಯಾನಾರ್ಕ್‌ಶೈರ್‌ನದು. ಹತ್ತೊಂಬತ್ತನೆಯ ಶತಮಾನದ ಕಲ್ಲಿದ್ದಲು ಗಣಿಗಳೂ ಕಬ್ಬಿಣದ ಕುಲುಮೆಗಳೂ ಸುತ್ತಲಿನ ಹಳ್ಳಿಗಳಲ್ಲಿ ಚದುರಿದ್ದ ಈ ಹೆಸರಿನವರನ್ನೂ ಕಣಿವೆಗೆ ಎಳೆದುಕೊಂಡವು. ಎರಡನೆಯದು ನೈರುತ್ಯದ ಡಂಫ್ರೀಸ್ ಮತ್ತು ಕರ್ಕೂಬ್ರಿ ಸೀಮೆಗಳದು. ಅರ್ಲ್ ಮನೆತನದ ಕಿರಿಯ ಶಾಖೆ ಡಂಫ್ರೀಸ್‌ನ ಗ್ಲೆನೇ ಎಂಬಲ್ಲಿ ನೆಲೆಸಿತ್ತು. ಪತ್ರಿಕೆಗಳ ಒಡೆಯನಾಗಿ ಬೆಳೆದು ಲಾರ್ಡ್ ಪದವಿ ಪಡೆದ ಹೆನ್ರಿ (1868ರಿಂದ 1935) ಕರ್ಕೂಬ್ರಿ ಸೀಮೆಯ ಬೋರ್ಗ್ ಊರಿನವನು. ಗಡಿಯಾಚೆ ಇಂಗ್ಲೆಂಡಿನ ನಾರ್ತಂಬರ್ಲೆಂಡ್‌ನಲ್ಲಿಯೂ ಹೆಸರು ಹರಡಿತ್ತು. 1865ರಲ್ಲಿ ಬಂದ ಆಲಿಸ್‌ಳ ಪ್ರಸಿದ್ಧ ಮಕ್ಕಳ ಪುಸ್ತಕದ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೆತ್ತಿದ ಸಹೋದರರು ಆ ಕಡೆಯ ವೂಲರ್ ಊರಿನ ಕುಟುಂಬದವರು.

ಎಡಿನ್‌ಬರ್ಗ್‌ನ ಪಶ್ಚಿಮಕ್ಕಿರುವ ಕರ್ಕ್‌ಲಿಸ್ಟನ್‌ನ ಇಬ್ಬರು ಸಹೋದರರು ಹೆಸರನ್ನು ಇನ್ನೂ ಮೊಟಕಾಗಿಸಿ, ಕೊನೆಗೆ ಒಂದೇ ಎಲ್ ಇಟ್ಟು ಬರೆದರು. ತಮ್ಮ ಆಂಡ್ರ್ಯೂ (1742ರಿಂದ 1806) ಎಡಿನ್‌ಬರ್ಗ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕ, ಅಲ್ಲಿನ ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬ. ಅಣ್ಣ ಆರ್ಚಿಬಾಲ್ಡ್ (ಜನನ 1740) ಪಶ್ಚಿಮ ಆಫ್ರಿಕಾದ ಕೇಪ್ ಕೋಸ್ಟ್ ಕೋಟೆಯ ಗವರ್ನರ್ ಆಗಿದ್ದವನು, ಗುಲಾಮರ ವ್ಯಾಪಾರಿ, ಆ ವ್ಯಾಪಾರವನ್ನು ಸಮರ್ಥಿಸಿ ಬರೆದವನು. ಹೆಸರಿನ ಇತಿಹಾಸವನ್ನು ಹೇಳುವಾಗ ಒಬ್ಬನನ್ನು ಹೆಮ್ಮೆಯಿಂದ ಎತ್ತಿ ಹೇಳಿ ಇನ್ನೊಬ್ಬನನ್ನು ಬಿಟ್ಟುಬಿಡುವುದು ಸರಿಯಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲದ ಗುಂಪು ಉತ್ತರ ತುದಿಯ ಶೆಟ್‌ಲೆಂಡ್ ದ್ವೀಪಗಳದು. ಅಲ್ಲಿ ಹೆಸರನ್ನು ಕಿವಿಗೆ ಕೇಳಿದಂತೆ ‘ಡೆಯೆಲ್’ ಎಂದೇ ಬರೆದುಕೊಂಡವರಿದ್ದಾರೆ. ನಡುವಿನ ಎಲ್ ಅಕ್ಷರವೂ ಇಲ್ಲ, ಝಡ್ ಅಕ್ಷರವೂ ಇಲ್ಲ. ಆದರೆ ಆ ದ್ವೀಪಗಳ ಆಡಳಿತ ಮಂಡಳಿಗೆ 1975ರವರೆಗೆ ‘ಝೆಟ್‌ಲೆಂಡ್’ ಎಂದು ಹೆಸರಿತ್ತು, ಅಲ್ಲಿಯ ಝಡ್ ಕೂಡ ಮೂಲತಃ ಯೋಖ್ ಅಕ್ಷರವೇ. ಮನೆತನದ ಹೆಸರಿನಲ್ಲಿ ಅಳಿಸಿಹೋದ ತಪ್ಪು ಅಕ್ಷರ ನಾಡಿನ ಹೆಸರಿನಲ್ಲಿ ಅಷ್ಟು ಕಾಲ ಉಳಿದಿತ್ತು.

ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ತಗ್ಗುನಾಡಿನಿಂದ ಉತ್ತರ ಐರ್ಲೆಂಡಿಗೆ ಹೋಗಿ ನೆಲೆಸಿದವರೊಡನೆ ಹೆಸರು ಸಮುದ್ರ ದಾಟಿತು. ಅಲ್ಲಿ ಎರಡು ಎಲ್ ಇರುವ ರೂಪವೇ ಹೆಚ್ಚು, ವಿಶೇಷವಾಗಿ ಡೌನ್ ಸೀಮೆಯಲ್ಲಿ. ಐರ್ಲೆಂಡಿನಿಂದಲೂ ಸ್ಕಾಟ್ಲೆಂಡಿನಿಂದಲೂ ಅಮೆರಿಕಕ್ಕೆ ಹೋದವರಲ್ಲಿ ಬರೆದ ಹಾಗೆಯೇ, ಝಕಾರವನ್ನು ಸ್ಪಷ್ಟವಾಗಿ ನುಡಿದು ‘ಡ್ಯಾಲ್‌ಝೆಲ್’ ಎನ್ನುವುದು ರೂಢಿಯಾಯಿತು. ಇಲಿನಾಯ್ ಮತ್ತು ಸೌತ್ ಕ್ಯಾರೊಲಿನಾ ರಾಜ್ಯಗಳಲ್ಲಿ ಆ ಹೆಸರಿನ ಊರುಗಳೂ ಇವೆ. ಹಳೆಯ ಊರಿನ ನೆರೆಹೊರೆ ಇಲ್ಲದಲ್ಲಿ, ಹೆಸರನ್ನು ಮೊದಲ ಬಾರಿ ಕಾಗದದಲ್ಲಿ ಕಂಡ ಗುಮಾಸ್ತರೂ ಶಿಕ್ಷಕರೂ ಓದಿದ ಉಚ್ಚಾರಣೆಯೇ ನಿಂತಿತು ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು.

ನಿಮ್ಮ ಮಗಳ ಸಹಪಾಠಿಯ ಮನೆಯವರಿಗೆ ತಮ್ಮ ಎಳೆಯನ್ನು ಹುಡುಕುವ ಆಸಕ್ತಿಯಿದ್ದರೆ, ಲಾಂಛನದಿಂದಲ್ಲ, ಅಜ್ಜಿಯ ಜನನಪತ್ರದಿಂದ ಹಿಂದಕ್ಕೆ ಹೋಗುವುದು ಸರಿಯಾದ ದಾರಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ, ಮದುವೆ, ಮರಣ ನೋಂದಣಿ 1855ರ ಜನವರಿ 1ರಂದು ಆರಂಭವಾಯಿತು. ಆ ಮೊದಲ ವರ್ಷದ ಪತ್ರಗಳಲ್ಲಿ ನಂತರದವುಗಳಲ್ಲಿ ಇಲ್ಲದಷ್ಟು ವಿವರಗಳಿವೆ. ಹೆಸರುಹೆಸರಾಗಿ ಎಣಿಸಿದ ಜನಗಣತಿ 1841ರಿಂದ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಪ್ಯಾರಿಷ್ ದಾಖಲೆಗಳು, ಭೂಮಿಯಿದ್ದವರಾದರೆ 1617ರಿಂದ ಇರುವ ಸೇಸಿನ್ ಎಂಬ ಭೂ ನೋಂದಣಿ. ಇವುಗಳಲ್ಲಿ ಹೆಚ್ಚಿನವನ್ನು ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರನ್ನೂ ಬರೆದಿಡುವ ಪದ್ಧತಿ ಇದೆ, ಗೋರಿಕಲ್ಲುಗಳ ಮೇಲೆ ಕೂಡ. ತಾಯಂದಿರ ಎಳೆಯನ್ನು ಹಿಡಿಯಲು ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಆದರೆ ಒಂದೇ ಬರವಣಿಗೆಯನ್ನು ಹಿಡಿದು ಹುಡುಕಬೇಡಿ ಎಂದು ಅವರಿಗೆ ದಯವಿಟ್ಟು ಹೇಳಿ. ಒಬ್ಬನೇ ವ್ಯಕ್ತಿ ಮದುವೆಯ ದಾಖಲೆಯಲ್ಲಿ ಒಂದು ರೂಪದಲ್ಲಿಯೂ ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಇನ್ನೊಂದು ರೂಪದಲ್ಲಿಯೂ ಕಾಣಿಸಿಕೊಳ್ಳುವುದು ಈ ಹೆಸರಿನ ಮಟ್ಟಿಗೆ ಸಹಜ, ಏಕೆಂದರೆ ಬರೆದದ್ದು ಮನೆಯವರಲ್ಲ, ಪಾದ್ರಿಯ ಗುಮಾಸ್ತ. ನಡುವಿನ ಎಲ್ ಇಲ್ಲದ ರೂಪಗಳನ್ನೂ ಹುಡುಕಬೇಕು, ಹಳೆಯ ಯೋಖ್ ಅಕ್ಷರವನ್ನು ಇತ್ತೀಚಿನ ಸೂಚಿಕಾರರು ಝಡ್, ವೈ, ಜಿ ಎಂದು ಬೇರೆಬೇರೆಯಾಗಿ ಓದಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕನ್ನಡದಲ್ಲಿ ಬರೆಯುವಾಗ ನಾವು ಹೆಸರನ್ನು ಅದರ ಒಡೆಯರು ನುಡಿಯುವಂತೆ ಬರೆಯುವುದೇ ಮರ್ಯಾದೆ. ಮದರ್‌ವೆಲ್‌ನ ಶಾಲೆ, ಕೋಟೆಮನೆ, ಕಾರ್ಖಾನೆ, ಬಿನ್ಸ್ ಮನೆತನ ಎಲ್ಲಕ್ಕೂ ‘ಡಿಯೆಲ್’ ಎಂದು ಬರೆಯಿರಿ. ಬರವಣಿಗೆಯ ಭೇದವನ್ನು ತೋರಿಸಲೇಬೇಕಾದ ಕಡೆ ಮಾತ್ರ, ನಾನು ಇಲ್ಲಿ ಮಾಡಿದಂತೆ, ಅಕ್ಷರಶಃ ರೂಪಗಳನ್ನು ಕೊಡಿ. ಅಮೆರಿಕದ ಅಥವಾ ಉತ್ತರ ಐರ್ಲೆಂಡಿನ ವ್ಯಕ್ತಿಯಾದರೆ ಅವರನ್ನೇ ಕೇಳಿ ಬರೆಯಿರಿ, ಅಲ್ಲಿ ‘ಡ್ಯಾಲ್‌ಝೆಲ್’ ಎಂಬುದೂ ಅಷ್ಟೇ ಸರಿಯಾದ ಉಚ್ಚಾರಣೆ.